ನವೆಂಬರ್ 11ರ ಹಲಗೆಗೆ ಏನು ಬರೀಲಿ? (ಒಂದೇ ತಾರೀಖಿಗೆ ಬಿದ್ದ ಯುದ್ಧಗಳು)

ಕರಿಹಲಗೆ_ದುರ್ಗ
ಎಲ್ರಿಗೂ ನಮಸ್ಕಾರ. ನಾನು ಚಿತ್ರದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ ಪಂಚಾಯಿತಿ ಲೈಬ್ರರಿ ನೋಡ್ಕೊಳ್ಳೋನು. ಬಾಗಿಲ ಪಕ್ಕ ಒಂದು ಕರಿಹಲಗೆ ಐತೆ, ದಿನಾ ಬೆಳಗ್ಗೆ ಅದರ ಮೇಲೆ ‘ಇತಿಹಾಸದಲ್ಲಿ ಈ ದಿನ’ ಅಂತ ನಾಲ್ಕು ಸಾಲು ಬರೀತೀನಿ. ಹೋದ ವರ್ಷ ನವೆಂಬರ್ 11ಕ್ಕೆ “ಒನಕೆ ಓಬವ್ವ ಹೈದರಾಲಿಯ ಸೈನಿಕರನ್ನು ಸದೆಬಡಿದ ದಿನ” ಅಂತ ದಪ್ಪಕ್ಷರದಲ್ಲಿ ಬರೆದೆ. ಪೇಪರ್ ಓದೋಕೆ ಬರೋ ರಿಟೈರ್ಡ್ ಮಿಲಿಟರಿ ಯಜಮಾನ್ರು ಒಬ್ರು ಅದನ್ನ ಎರಡು ಸಲ ಓದಿ, “ತಮ್ಮಾ, ತಾರೀಖು ಯಾರು ಹೇಳಿದ್ರೋ ನಿಂಗೆ? ಕಿಂಡಿಯೊಳಗೆ ನುಗ್ಗಿದೋರು ಕ್ಯಾಲೆಂಡರ್ ಹಿಡ್ಕಂಡು ಬಂದಿದ್ರೇನು?” ಅಂದ್ರು. ಹುಡುಗ್ರೆಲ್ಲ ನಕ್ಕರು. ನಾನು ಬಟ್ಟೆ ತಗೊಂಡು ಒರೆಸಿದೆ.

ಈ ಸಲ ಮರ್ಯಾದೆ ಉಳಿಸ್ಕೋಬೇಕು. ಮೊದಲನೇ ಮಹಾಯುದ್ಧ ನಿಂತಿದ್ದೂ ಇದೇ ತಾರೀಖು ಅನ್ನೋದು ಗೊತ್ತು. ಅದು ಬಿಟ್ಟು ನವೆಂಬರ್ 11ಕ್ಕೆ ಬಿದ್ದ ಯುದ್ಧದ ಘಟನೆ ಬೇರೆ ಏನಿದಾವೆ? ನಾಲ್ಕೇ ಸಾಲು, ಜಾಸ್ತಿ ಜಾಗ ಇಲ್ಲ.

ಜೋಗಿಮಟ್ಟಿ ಗಾಳಿ
ಯಜಮಾನ್ರು ಹೇಳಿದ್ದು ಸರಿನೇ ಕಣಣ್ಣ. ನವೆಂಬರ್ 11 ಅನ್ನೋದು ಓಬವ್ವ ಜಯಂತಿ ಅಂತ ಸರ್ಕಾರ 2021ರಲ್ಲಿ ಗೊತ್ತು ಮಾಡಿದ್ದು. ಕಿಂಡಿ ಹತ್ರ ಹೊಡೆದಾಟ ಆದ ದಿನ ಅಂತ ಎಲ್ಲೂ ಇಲ್ಲ. “ಇಂದು ಓಬವ್ವ ಜಯಂತಿ” ಅಂತಷ್ಟೇ ಬರಿ, ಯಾರೂ ಕೇಳಲ್ಲ.

ಬೆಣ್ಣೆ_ಜಾಸ್ತಿ_ಹಾಕಿ
ದುರ್ಗದೋರು ತಪ್ಪು ಒಪ್ಕೊಂಡ್ರು!! ಇದನ್ನೇ ಬರಿ ಹಲಗೆ ಮೇಲೆ, ಐತಿಹಾಸಿಕ ದಿನ 😀
– ದಾವಣಗೆರೆಯಿಂದ ಪ್ರೀತಿಯಿಂದ

ಜೋಗಿಮಟ್ಟಿ ಗಾಳಿ
ನಿಮ್ಮೂರಲ್ಲಿ ಮುತ್ತಿಗೆ ಅಂತ ಆಗೋದು ದೋಸೆ ಹೋಟೆಲಿಗೆ ಮಾತ್ರ. ಸುಮ್ಮನಿರಪ್ಪ.

ಸೆರಗು_ಮೊಳಕಾಲ್ಮೂರು
ತಾರೀಖು ಇಲ್ಲ ಅಂದ್ರೆ ಆಕೆ ಮಾಡಿದ್ದು ಸುಳ್ಳಾಗುತ್ತಾ? ನಮ್ಮಜ್ಜಿ ಮನೆ ಅಟ್ಟದ ಮೇಲೆ ಈಗಲೂ ಒಂದು ಒನಕೆ ಐತೆ. ನನ್ನ ಹೆಗಲಿಗಿಂತ ಎತ್ತರ, ನಡುವೆ ಹಿಡಿಯೋ ಜಾಗ ಸವೆದು ಸಣ್ಣಗಾಗಿದೆ, ತುದಿಗೆ ಕಬ್ಬಿಣದ ಬಳೆ. ಚಿಕ್ಕವಳಿದ್ದಾಗ ಎತ್ತೋಕೆ ಹೋಗಿ ಕಾಲ್ಬೆರಳಿನ ಮೇಲೆ ಬಿಟ್ಕೊಂಡು ಉಗುರು ಕಪ್ಪಾಗಿತ್ತು. ಆಮೇಲೆ ಕೋಟೆಗೆ ಹೋದಾಗ ತಣ್ಣೀರು ದೋಣಿಯಿಂದ ಇಳಿದು ಆ ಕಿಂಡಿಯೊಳಗೆ ತೂರಿದೆ. ಮೈ ಓರೆ ಮಾಡಿ, ತಲೆ ಮುಂದೆ ಹಾಕಿ ಬರಬೇಕು. ತಲೆ ಹೊರಗೆ ಬಂದಾಗ ಕೈ ಇನ್ನೂ ಕಲ್ಲಿನೊಳಗೇ ಇರುತ್ತೆ. ಬರೋನಿಗೆ ಕತ್ತಿ ಎತ್ತೋಕೇ ಆಗಲ್ಲ. ಅವತ್ತು ನಂಗೆ ಆ ಕತೆ ನಂಬಿಕೆ ಬಂತು, ತಾರೀಖು ನೋಡಿ ಅಲ್ಲ.

ಹಿರಿಯೂರು ಫೌಜಿ
ಸೆರಗು ಅಕ್ಕನವರಿಗೆ ಸೆಲ್ಯೂಟ್. ಒಬ್ಬೊಬ್ಬನೇ ಬರೋ ಹಾಗೆ ದಾರಿ ಇದ್ರೆ ನೂರು ಜನ ಇದ್ರೂ ಒಬ್ಬನೇ ಲೆಕ್ಕ. ಸೈನ್ಯದಲ್ಲಿ ನಮಗೆ ಇದನ್ನೇ ಬೇರೆ ಭಾಷೇಲಿ ಹೇಳಿಕೊಡ್ತಾರೆ.

ಈಗ ನವೆಂಬರ್ 11. 1918ರಲ್ಲಿ ಫ್ರಾನ್ಸಿನ ಕಾಂಪಿಯೇನ್ ಕಾಡಿನಲ್ಲಿ, ಮಿತ್ರಪಡೆಗಳ ಸೇನಾನಿ ಮಾರ್ಷಲ್ ಫೋಶ್ ಅವರ ರೈಲುಡಬ್ಬಿಯೊಳಗೆ ಬೆಳಗಿನ ಜಾವ ಐದರ ಸುಮಾರಿಗೆ ಕದನವಿರಾಮಕ್ಕೆ ಸಹಿ ಬಿತ್ತು. ಜಾರಿಗೆ ಬಂದದ್ದು ಬೆಳಗ್ಗೆ 11ಕ್ಕೆ. ನಡುವೆ ಆರು ತಾಸು. ಆ ಆರು ತಾಸಲ್ಲೂ ಗುಂಡು ಹಾರಿಸ್ತಾನೇ ಇದ್ರು. ಯುದ್ಧ ಮುಗೀತು ಅಂತ ಮೇಲಿನೋರಿಗೆ ಗೊತ್ತಾದ ಮೇಲೆ ಸತ್ತ ಹುಡುಗರು ಅವರು. ಅಮೆರಿಕದ ಹೆನ್ರಿ ಗುಂಥರ್ 10:59ಕ್ಕೆ ಸತ್ತ. ಕೆನಡಾದ ಜಾರ್ಜ್ ಪ್ರೈಸ್ 10:58ಕ್ಕೆ.

ಚಳ್ಳಕೆರೆ ಶೇಂಗಾ
ಫೌಜಿ ಸಾರ್, ಫ್ರಾನ್ಸಿನೋನನ್ನ ಬಿಟ್ರಲ್ಲ. ಓಗುಸ್ತ್ಯಾಂ ತ್ರೆಬ್ಯುಶೋಂ ಅಂತ. ಯುದ್ಧಕ್ಕೆ ಮೊದಲು ಕುರಿ ಕಾಯ್ತಿದ್ದೋನು, ನಮ್ಮ ಕಡೆ ಹುಡುಗರ ಹಾಗೆ. ಹನ್ನೊಂದೂವರೆಗೆ ಎಲ್ರಿಗೂ ಊಟ, ಬನ್ನಿ ಅನ್ನೋ ಸುದ್ದಿ ಮುಟ್ಟಿಸೋಕೆ ಓಡ್ತಾ ಇದ್ದ. ಹನ್ನೊಂದಕ್ಕೆ ಇನ್ನು ಕೆಲವೇ ನಿಮಿಷ ಅನ್ನೋವಾಗ ಗುಂಡು ಬಿತ್ತು.

ಅದಕ್ಕಿಂತ ಕೆಟ್ಟದ್ದು ಕೇಳಿ. ಅವನ ಸಮಾಧಿ ಮೇಲೆ ಇರೋ ತಾರೀಖು ನವೆಂಬರ್ 10! ಶಾಂತಿಯ ದಿನ ನಮ್ಮೋನು ಸತ್ತ ಅಂತ ಬರೆಯೋಕೆ ಸೈನ್ಯಕ್ಕೆ ನಾಚಿಕೆ, ಒಂದು ದಿನ ಹಿಂದಕ್ಕೆ ಹಾಕಿದ್ರು. ಕಲ್ಲಲ್ಲಿ ಕೆತ್ತಿದ್ದೇ ಸುಳ್ಳು. ನೀನು ಚಾಕ್‌ಪೀಸಲ್ಲಿ ತಪ್ಪು ಬರೆದು ಒರೆಸಿದ್ದಕ್ಕೆ ಇಷ್ಟು ಬೇಜಾರು ಮಾಡ್ಕೋತೀಯಲ್ಲ ತಮ್ಮ.

ಕರಿಹಲಗೆ_ದುರ್ಗ
ಇದು ಹಲಗೆಗೆ ಬಂದೇ ಬರುತ್ತೆ ಅಣ್ಣ. ಆದ್ರೆ ಆ ಹೆಸರು ಬರೆಯೋಷ್ಟರಲ್ಲಿ ಒಂದು ಸಾಲು ಮುಗಿಯುತ್ತೆ 😅

ಚನ್ನಗಿರಿ ಅಡಕೆ
ನವೆಂಬರ್ 11 ಬಿಡ್ರಿ, ತಾರೀಖು ಅಂದ್ರೆ ಮೇ 4. ನಮ್ಮೂರ ಧೋಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ಹೊರಗೆ ಬಂದಿದ್ದೇ 1799ರ ಮೇ 4ರಂದು ಟಿಪ್ಪುವಿನ ಕೋಟೆ ಬ್ರಿಟಿಷರ ಕೈಗೆ ಬಿದ್ದದ್ದರಿಂದ. ಒಂದೂವರೆ ವರ್ಷದೊಳಗೆ ಸೈನ್ಯ ಕಟ್ಟಿ ‘ಉಭಯ ಲೋಕಾಧೀಶ್ವರ’ ಅಂತ ಬಿರುದು ಇಟ್ಕೊಂಡ. ಅವನನ್ನ ಮುಗಿಸೋಕೆ ಆರ್ಥರ್ ವೆಲ್ಲೆಸ್ಲಿನೇ ಕುದುರೆ ಏರಿ ಬರಬೇಕಾಯ್ತು, 1800ರ ಸೆಪ್ಟೆಂಬರ್ 10, ರಾಯಚೂರು ಕಡೆ ಕೋಣಗಲ್ ಹತ್ರ. ವಾಟರ್‌ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಅದೇ ವೆಲ್ಲೆಸ್ಲಿ. ಅಂದ್ರೆ ನೆಪೋಲಿಯನ್‌ಗಿಂತ ಮೊದಲು ಚನ್ನಗಿರಿಯೋನು!

ಅದೇ ಮೇ 4ಕ್ಕೆ ಇನ್ನೂ ಬೇಕಾದಷ್ಟು. 1945ರ ಮೇ 4: ಲ್ಯೂನೆಬರ್ಗ್ ಬಯಲಿನ ಡೇರೆಯಲ್ಲಿ ವಾಯವ್ಯ ಜರ್ಮನಿ, ಡೆನ್ಮಾರ್ಕ್, ಹಾಲೆಂಡಿನ ಜರ್ಮನ್ ಪಡೆಗಳು ಬ್ರಿಟಿಷ್ ಸೇನಾನಿ ಮಾಂಟ್‌ಗೊಮರಿ ಮುಂದೆ ಶರಣಾದವು. 1982ರ ಮೇ 4: ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾ ವಿಮಾನದ ಎಕ್ಸೋಸೆಟ್ ಕ್ಷಿಪಣಿ ಬ್ರಿಟನ್ನಿನ ‘ಶೆಫೀಲ್ಡ್’ ಹಡಗಿಗೆ ಹೊಡೀತು, 20 ಜನ ಸತ್ರು. ಬ್ರಿಟಿಷರಿಗೆ ಒಂದೇ ತಾರೀಖಲ್ಲಿ ಎರಡು ಗೆಲುವು, ಒಂದು ಪೆಟ್ಟು.

ಬೆಣ್ಣೆ_ಜಾಸ್ತಿ_ಹಾಕಿ
ಚನ್ನಗಿರಿ ದಾವಣಗೆರೆ ಜಿಲ್ಲೆ. ಆದ್ದರಿಂದ ಧೋಂಡಿಯ ನಮ್ಮೋನು. ದುರ್ಗದೋರು ಬರ್ಕೊಳ್ಳಿ.

ಜೋಗಿಮಟ್ಟಿ ಗಾಳಿ
ನಿಮ್ಮ ದಾವಣಗೆರೆನೇ 1997ರ ತನಕ ಚಿತ್ರದುರ್ಗ ಜಿಲ್ಲೆ. ಚನ್ನಗಿರಿ ಆಗ ಶಿವಮೊಗ್ಗ. ಧೋಂಡಿಯನಿಗೆ ಯಾವ ಆಫೀಸಿಂದ ವಾಸಸ್ಥಳ ಪ್ರಮಾಣಪತ್ರ ಕೊಡಿಸ್ತೀಯಪ್ಪ?

ತಗ್ಗಿನಕೇರಿ
ಶ್ರೀರಂಗಪಟ್ಟಣದ ವಿಷಯದಲ್ಲಿ ಒಂದು ಮಾತು. ಮೇ ತಿಂಗಳು ಅನ್ನೋದು ಅಕಸ್ಮಾತ್ ಅಲ್ಲ. ಮುಂಗಾರು ಶುರುವಾಗಿ ಕಾವೇರಿ ತುಂಬಿದ್ರೆ ದಾಟೋಕಾಗಲ್ಲ, ಅದಕ್ಕೆ ಮೊದಲೇ ಮುಗಿಸಬೇಕಿತ್ತು. ಮಧ್ಯಾಹ್ನದ ಸುಡುಬಿಸಿಲು ಆರಿಸ್ಕೊಂಡಿದ್ದೂ ಬೇಕಂತಲೇ, ಕೋಟೆಯೋರು ಊಟ ಮಾಡಿ ಒರಗೋ ಹೊತ್ತು. ಮುಂದೆ ನಿಂತು ನುಗ್ಗಿದ ಬ್ರಿಟಿಷ್ ಸೇನಾನಿ ಬೈರ್ಡ್ ಅದೇ ಊರಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದೋನು. ಕೋಟೆ ಗೆದ್ದವನು ಅವನು, ಊರಿನ ಅಧಿಕಾರ ಸಿಕ್ಕಿದ್ದು ವೆಲ್ಲೆಸ್ಲಿಗೆ. ವೆಲ್ಲೆಸ್ಲಿಯ ಅಣ್ಣ ಆಗ ಗವರ್ನರ್ ಜನರಲ್. ಇನ್ನೇನು ಹೇಳೋದಿದೆ!

ಹೊಸದುರ್ಗ_ಮಾರ್ಗ
ಟಿಪ್ಪು ಬಗ್ಗೆ ಹೇಳೋದಾದ್ರೆ ನಿಜವಾಗ್ಲೂ ಅವನು

ವೇದಿಕೆ ನಿರ್ವಾಹಕ
ಆ ದಾರಿ ಬೇಡ. ಹೋದ ಸಲ 340 ಉತ್ತರ ಬಂದು ಮೂವರು ಗುಂಪು ಬಿಟ್ಟು ಹೋದ್ರು. ತಾರೀಖಿನ ವಿಷಯ ಮಾತಾಡಿ.

ಹೊಸದುರ್ಗ_ಮಾರ್ಗ
ವಾಕ್ಯ ಮುಗಿಸೋಕೂ ಬಿಡಲ್ಲ 🙄

ಲೆಕ್ಕದ ಮೇಷ್ಟ್ರು
ನಾನು ದಾವಣಗೆರೆಯಲ್ಲಿ ಪಿಯುಸಿಗೆ ಗಣಿತ ಹೇಳುವವನು. ಒಂದು ತಣ್ಣೀರು ಎರಚಲೇ? ಒಂದು ಕೋಣೆಯಲ್ಲಿ 23 ಜನ ಇದ್ದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಪ್ರತಿ ವರ್ಷ ತರಗತಿಯಲ್ಲಿ ಮಾಡಿ ತೋರಿಸುತ್ತೇನೆ, ಮಕ್ಕಳು ಪ್ರತಿ ವರ್ಷ ಬಾಯಿ ಬಿಡುತ್ತಾರೆ. ವರ್ಷಕ್ಕಿರುವುದು 366 ಗೂಡು, ಮನುಷ್ಯ ಮಾಡಿದ ಯುದ್ಧಗಳೋ ಸಾವಿರಾರು. ಒಂದೊಂದು ಗೂಡಿನಲ್ಲೂ ಹತ್ತಾರು ಬೀಳಲೇಬೇಕು. ಯಾವ ಯುದ್ಧವೂ ಬೀಳದ ತಾರೀಖು ಹುಡುಕಿ ಕೊಡಿ, ಅದನ್ನು ವಿಶೇಷ ಎನ್ನುತ್ತೇನೆ.

ಚಳ್ಳಕೆರೆ ಶೇಂಗಾ
ಸಿಕ್ತು ಮೇಷ್ಟ್ರೇ! 1752ರ ಸೆಪ್ಟೆಂಬರ್ 3ರಿಂದ 13ರ ತನಕ ಬ್ರಿಟನ್ನಿನಲ್ಲಿ ಒಂದೇ ಒಂದು ಯುದ್ಧ ಇಲ್ಲ. ಯಾಕಂದ್ರೆ ಆ ದಿನಗಳೇ ಇರಲಿಲ್ಲ. ಹಳೇ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಗ್ರೆಗೋರಿಯನ್‌ಗೆ ಬಂದಾಗ ಸೆಪ್ಟೆಂಬರ್ 2 ಆದ ಮಾರನೇ ದಿನ 14 ಅಂತ ಎಣಿಸಿದ್ರು.

ಲೆಕ್ಕದ ಮೇಷ್ಟ್ರು
ಇದು ಮೋಸ. ಆದರೂ ಪೂರ್ತಿ ಅಂಕ ಕೊಡುತ್ತೇನೆ.

ತಗ್ಗಿನಕೇರಿ
ಹಾಗೆ ನೋಡಿದ್ರೆ ನಮ್ಮ ರಕ್ಕಸಗಿ-ತಂಗಡಗಿ (ತಾಳಿಕೋಟೆ) ಯುದ್ಧಕ್ಕೂ ಇದೇ ಪಾಡು. 1565ರ ಜನವರಿ 23 ಅಂತ ಓದ್ತೀವಿ. ಗ್ರೆಗೋರಿಯನ್ ಲೆಕ್ಕ ಹುಟ್ಟಿದ್ದೇ 1582ರಲ್ಲಿ. ಈಗಿನ ಲೆಕ್ಕಕ್ಕೆ ತಂದ್ರೆ ಹತ್ತು ದಿನ ಮುಂದಕ್ಕೆ, ಫೆಬ್ರವರಿ 2 ಆಗುತ್ತೆ. “ರಾಮರಾಯ ಬಿದ್ದ ದಿನವೇ ಸುಭಾಷ್‌ಚಂದ್ರ ಬೋಸ್ ಹುಟ್ಟಿದ್ರು” ಅಂತ ವಾಟ್ಸಾಪಲ್ಲಿ ಪ್ರತಿ ಜನವರಿ ಬರುತ್ತಲ್ಲ, ಅದು ಕ್ಯಾಲೆಂಡರ್ ಮಾಡಿದ ಗಂಟು.

ಸೆರಗು_ಮೊಳಕಾಲ್ಮೂರು
ಅಂದ್ರೆ ಓಬವ್ವಂಗೆ ತಾರೀಖಿಲ್ಲ ಅಂತ ನಕ್ಕೋರೆಲ್ಲ ಈಗ ರಾಮರಾಯಂದೂ ಸರಿಯಿಲ್ಲ ಅಂತಿದೀರ. ಸರಿಹೋಯ್ತು.

ತಗ್ಗಿನಕೇರಿ
ಇಲ್ಲಕ್ಕ, ಎರಡೂ ಒಂದೇ ಅಲ್ಲ. ರಕ್ಕಸಗಿ-ತಂಗಡಗಿಗೆ ದಿನ ಐತೆ, ಅದನ್ನ ಎರಡು ಲೆಕ್ಕದಲ್ಲಿ ಬರೀಬಹುದು ಅಷ್ಟೇ. ಓಬವ್ವನದು ಬಾಯಿಂದ ಬಾಯಿಗೆ ಬಂದದ್ದು, ಅದರಲ್ಲಿ ದಿನವೇ ಇಲ್ಲ. ಗಂಡ ಊಟಕ್ಕೆ ಬಂದಿದ್ದ, ಆಕೆ ನೀರಿಗೆ ಹೋದಳು. ಹೊತ್ತು ಗೊತ್ತು, ತಾರೀಖು ಗೊತ್ತಿಲ್ಲ.

ಹಿರಿಯೂರು ಫೌಜಿ
ತಾರೀಖು ಎಲ್ಲಾ ಊರಲ್ಲೂ ಒಂದೇ ಇರಲ್ಲ ಬಿಡಿ. ಪರ್ಲ್ ಹಾರ್ಬರ್ ಹವಾಯಿಯಲ್ಲಿ 1941ರ ಡಿಸೆಂಬರ್ 7, ಜಪಾನಿನ ಗೋಡೆ ಮೇಲೆ ಡಿಸೆಂಬರ್ 8. ಮಲಯಾದ ಕೋಟಾ ಬಾರುನಲ್ಲಿ ಜಪಾನೀಯರು ದಡಕ್ಕೆ ಇಳಿದದ್ದು ‘8ನೇ ತಾರೀಖು’, ಆದ್ರೆ ಗಡಿಯಾರದಲ್ಲಿ ಪರ್ಲ್ ಹಾರ್ಬರ್‌ಗಿಂತ ಮೊದಲು! ಕೋಟಾ ಬಾರು ದಡ ಕಾಯ್ತಿದ್ದೋರು ಯಾರು? ನಮ್ಮ ಡೋಗ್ರಾ ಹುಡುಗರು. ಇದನ್ನ ಯಾವ ಶಾಲೆ ಪುಸ್ತಕದಲ್ಲೂ ನಾನು ಓದಿಲ್ಲ.

ಇನ್ನು ನನ್ನ ಕೇಳಿದ್ರೆ ಸೆಪ್ಟೆಂಬರ್ 23ಕ್ಕೆ ಸಮ ಇಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ. ಜೋಧಪುರ ಲ್ಯಾನ್ಸರ್ಸ್, ಮೈಸೂರು ಲ್ಯಾನ್ಸರ್ಸ್. ತುರ್ಕಿಯ ಮೆಷಿನ್‌ಗನ್ನಿನ ಎದುರು ಈಟಿ, ಕತ್ತಿ ಹಿಡಿದು ಕುದುರೆ ಮೇಲೆ ಹೋದೋರು. ಜೋಧಪುರದೋರು ಊರೊಳಗೆ ನುಗ್ಗಿದ್ರು, ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ತೀರ್ಕೊಂಡ್ರು. ಮೈಸೂರಿನೋರು ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳ ಕಡೆ ಹತ್ತಿದ್ರು. ಸೆರೆ ಸಿಕ್ಕವರು 1350 ಜನ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರೋ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಉಳಿದೆರಡು ಜೋಧಪುರ, ಹೈದರಾಬಾದ್.

1965ರ ಯುದ್ಧವೂ ನಿಂತದ್ದು ಸೆಪ್ಟೆಂಬರ್ 23, ಬೆಳಗಿನ ಜಾವ ಮೂರೂವರೆಗೆ. ನಮ್ಮ ಚಿಕ್ಕಪ್ಪ ಅಲ್ಲಿದ್ರು. ಗುಂಡಿನ ಸದ್ದು ನಿಂತ ಮೇಲೆ ನಿದ್ದೆ ಬರಲಿಲ್ಲವಂತೆ. ಹದಿನೇಳು ದಿನ ಸದ್ದಲ್ಲೇ ಮಲಗಿ ಅಭ್ಯಾಸ ಆಗಿತ್ತು, ಸುಮ್ಮನಾದಾಗ ಭಯ ಆಯ್ತು ಅಂತಿದ್ರು. ಹೊಲದಲ್ಲಿ ಯಾವುದೋ ಎಮ್ಮೆ ಕೂಗಿದ್ದು ಕೇಳಿ ಎಲ್ರೂ ಬಂದೂಕು ಎತ್ತಿದ್ರಂತೆ.

ಚನ್ನಗಿರಿ ಅಡಕೆ
ಫೌಜಿ ಅಣ್ಣ, ಒಂದು ನಿಮಿಷ. 1803ರ ಅಸ್ಸಾಯೆ ಯುದ್ಧವೂ ಸೆಪ್ಟೆಂಬರ್ 23 ತಾನೆ? ವೆಲ್ಲೆಸ್ಲಿ ಸಿಂಧಿಯಾ ಮತ್ತು ಭೋಂಸ್ಲೆ ಸೈನ್ಯದ ಎದುರು. ಹೊಳೆ ದಾಟೋಕೆ ಜಾಗವೇ ಇಲ್ಲ ಅಂತ ದಾರಿ ತೋರಿಸೋರು ಅಂದ್ರಂತೆ. ಇವನು ನೋಡಿದ: ಹೊಳೆಯ ಆಚೆ ಈಚೆ ಎದುರುಬದುರಾಗಿ ಎರಡು ಹಳ್ಳಿ. ನಡುವೆ ಓಡಾಟಕ್ಕೆ ದಾರಿ ಇಲ್ದೆ ಯಾರು ಹಂಗೆ ಊರು ಕಟ್ತಾರೆ ಅಂತ ಲೆಕ್ಕ ಹಾಕಿದ. ನಡೆದು ದಾಟೋ ಹಾಯಗಡ ಇತ್ತು!

ಅಲ್ಲಿ ಅವನ ಜತೆ ಮೈಸೂರಿನ ಕುದುರೆ ಸವಾರರೂ ಇದ್ರು. ಅಂದ್ರೆ 1803ರ ಸೆಪ್ಟೆಂಬರ್ 23ಕ್ಕೂ ಮೈಸೂರು ಕುದುರೆ, 115 ವರ್ಷ ಆದ ಮೇಲೆ ಅದೇ ತಾರೀಖಿಗೆ ಹೈಫಾದಲ್ಲೂ ಮೈಸೂರು ಕುದುರೆ. ಮೇಷ್ಟ್ರೇ, ಇದಕ್ಕೇನಂತೀರಿ?

ಲೆಕ್ಕದ ಮೇಷ್ಟ್ರು
ಲೆಕ್ಕ ಲೆಕ್ಕವೇ. ಆದರೆ ಇದನ್ನು ಓದಿ ಮೈ ಜುಮ್ಮೆಂದಿತು ಎಂದು ಒಪ್ಪಿಕೊಳ್ಳುತ್ತೇನೆ. ವಿದ್ಯಾರ್ಥಿಗಳಿಗೆ ಹೇಳಬೇಡಿ.

ಹಿರಿಯೂರು ಫೌಜಿ
ಅಸ್ಸಾಯೆಯಲ್ಲಿ ಮೈಸೂರಿನೋರನ್ನ ಹೊಳೆಯ ಈಚೆ ದಡದಲ್ಲೇ ನಿಲ್ಲಿಸಿದ್ದ, ಶತ್ರುವಿನ ಕುದುರೆದಳ ಕಾಯೋಕೆ. ಇದ್ರು ಅನ್ನೋದು ನಿಜ, ಮುಖ್ಯ ಹೊಡೆದಾಟದಲ್ಲಿ ಅಲ್ಲ. ಜಂಬ ಕೊಚ್ಕೊಳ್ಳೋ ಮೊದಲು ಅದನ್ನೂ ಹೇಳಬೇಕು ಅಡಕೆ.

ಚನ್ನಗಿರಿ ಅಡಕೆ
ಕಾವಲೂ ಯುದ್ಧವೇ ಅಲ್ವಾ ಅಣ್ಣ.

ಹಿರಿಯೂರು ಫೌಜಿ
ಅದು ಸರಿ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ನಾನು ಮಾಡಿದ್ದೂ ಬಹುಪಾಲು ಅದೇ.

ಬೆಣ್ಣೆ_ಜಾಸ್ತಿ_ಹಾಕಿ
ಡಿಸೆಂಬರ್ 16: 1971ರಲ್ಲಿ ಢಾಕಾ, 93,000 ಜನ ಶರಣು. 1944ರಲ್ಲಿ ಅದೇ ದಿನ ಆರ್ಡೆನ್ಸ್ ಕಾಡಲ್ಲಿ ಹಿಟ್ಲರನ ಕೊನೇ ದೊಡ್ಡ ದಾಳಿ ಶುರು. ನನಗೂ ಗೊತ್ತು ನೋಡ್ರಪ್ಪ, ಬರೀ ದೋಸೆ ಅಲ್ಲ.

ಕರಿಹಲಗೆ_ದುರ್ಗ
ಎಲ್ಲಾ ಚೆನ್ನಾಗೈತೆ, ಆದ್ರೆ ನಾನು ಕೇಳಿದ್ದು ನವೆಂಬರ್ 11 ಅಣ್ಣಂದಿರಾ 🙏 ಇನ್ನೂ ಎರಡು ಸಾಲು ಖಾಲಿ ಐತೆ.

ಚಳ್ಳಕೆರೆ ಶೇಂಗಾ
ತಗೋ. 1940ರ ನವೆಂಬರ್ 11ರ ರಾತ್ರಿ, ಇಟಲಿಯ ಟಾರಂಟೊ ಬಂದರು. ಬ್ರಿಟನ್ನಿನ ‘ಇಲಸ್ಟ್ರಿಯಸ್’ ಹಡಗಿಂದ 21 ಸ್ವೋರ್ಡ್‌ಫಿಶ್ ವಿಮಾನ ಹೋಗಿ ಇಟಲಿಯ ಮೂರು ದೊಡ್ಡ ಯುದ್ಧನೌಕೆಗಳಿಗೆ ಟಾರ್ಪಿಡೊ ಹೊಡೆದವು. ಜೋಡಿ ರೆಕ್ಕೆಯ, ಮೈಗೆ ಬಟ್ಟೆ ಹೊದಿಸಿದ ಹಳೇಕಾಲದ ವಿಮಾನ. ಅವರು ಕಳ್ಕೊಂಡದ್ದು ಎರಡೇ. ಬಂದರಿನ ನೀರು ಆಳ ಇಲ್ಲ, ಟಾರ್ಪಿಡೊ ಕೆಸರಿಗೆ ಕಚ್ಕೊಳ್ಳುತ್ತೆ ಅಂತ ಧೈರ್ಯವಾಗಿದ್ದೋರಿಗೆ ಬಿತ್ತು ಪೆಟ್ಟು. ಜಪಾನಿನೋರು ಹೋಗಿ ಎಲ್ಲಾ ನೋಡ್ಕೊಂಡು ಬಂದ್ರು. ಮುಂದಿನ ವರ್ಷ ಪರ್ಲ್ ಹಾರ್ಬರ್.

ಹಿರಿಯೂರು ಫೌಜಿ
ನಾನು ಕೊಡ್ತೀನಿ ನಾಲ್ಕನೇದು. ಇದನ್ನ ದಯವಿಟ್ಟು ಬಿಡಬೇಡ. 1942ರ ನವೆಂಬರ್ 11. ಕೊಕೊಸ್ ದ್ವೀಪಗಳ ನೈರುತ್ಯಕ್ಕೆ, ನಡು ಹಿಂದೂ ಮಹಾಸಾಗರ. ರಾಯಲ್ ಇಂಡಿಯನ್ ನೇವಿಯ ‘ಬೆಂಗಾಲ್’ ಅನ್ನೋ ಪುಟ್ಟ ಹಡಗು, ಸಮುದ್ರದ ಮೈನ್ ತೆಗೆಯೋ ಕೆಲಸದ್ದು, ಆಸ್ಟ್ರೇಲಿಯಾದಲ್ಲಿ ಆಗಷ್ಟೇ ಕಟ್ಟಿಸಿಕೊಂಡು ಬರ್ತಿತ್ತು. ಜತೆಗೆ ‘ಒಂಡಿನಾ’ ಅಂತ ಡಚ್ ಎಣ್ಣೆ ಹಡಗು. ಎದುರಿಗೆ ಎರಡು ಜಪಾನಿ ಹಡಗು, ಹೊಕೊಕು ಮಾರು, ಐಕೊಕು ಮಾರು. ಒಂದೊಂದೂ ಹತ್ತು ಸಾವಿರ ಟನ್ನಿಗೆ ಮೀರಿದ್ದು, ಮೈತುಂಬ ತೋಪು. ಬೆಂಗಾಲ್‌ಗೆ ಇದ್ದ ದೊಡ್ಡ ತೋಪು ಒಂದೇ, 12 ಪೌಂಡಿನದು.

ಓಡ್ಲಿಲ್ಲ. ಎಣ್ಣೆ ಹಡಗಿಗೆ ತಪ್ಪಿಸ್ಕೊಳ್ಳೋಕೆ ಹೇಳಿ ತಾನು ತಿರುಗಿ ನೇರ ಅವರ ಕಡೆ ಹೋಯ್ತು. ಹೊಕೊಕು ಮಾರುಗೆ ಬೆಂಕಿ ಬಿದ್ದು, ಸಿಡಿದು, ಮುಳುಗಿತು. ಗುಂಡು ಮುಗಿಯೋ ತನಕ ಹೊಡೆದು, ಬೆಂಗಾಲ್ ಡಿಯಾಗೊ ಗಾರ್ಸಿಯಾ ಸೇರ್ಕೊಂತು. ಒಂಡಿನಾದ ಕ್ಯಾಪ್ಟನ್ ಸತ್ತ, ಆದ್ರೂ ಉಳಿದೋರು ದೋಣಿಯಿಂದ ವಾಪಸ್ ಹಡಗು ಹತ್ತಿ ಫ್ರೀಮ್ಯಾಂಟಲ್‌ಗೆ ಮುಟ್ಟಿಸಿದ್ರು.

ತಗ್ಗಿನಕೇರಿ
ಮುಳುಗಿಸಿದ ಗುಂಡು ಬೆಂಗಾಲ್‌ದೋ ಒಂಡಿನಾದ್ದೋ ಅಂತ ವಾದ ಐತೆ ಸಾರ್. ಡಚ್ಚರು ತಮ್ಮದು ಅಂತಾರೆ.

ಹಿರಿಯೂರು ಫೌಜಿ
ಅಂತಾರೆ, ಅನ್ಲಿ. ಅವರ ತೋಪು ದೊಡ್ಡದಿತ್ತು, ನಾಲ್ಕು ಇಂಚಿನದು. ನನಗೆ ತಿರುಗಿ ನಿಂತಿತಲ್ಲ, ಅಷ್ಟು ಸಾಕು.

ಸೆರಗು_ಮೊಳಕಾಲ್ಮೂರು
ಕೈಗೆ ಸಿಕ್ಕಿದ್ದು ಹಿಡ್ಕೊಂಡು ನಿಂತ್ರು. ನಮ್ಮ ಓಬವ್ವನ ಹಾಗೆ.

ಜೋಗಿಮಟ್ಟಿ ಗಾಳಿ
ಅಕ್ಕ, ಎಲ್ಲಾದಕ್ಕೂ ಓಬವ್ವ ತರಬೇಡಿ. ಅದು ನೌಕಾಪಡೆ, ತೋಪಿತ್ತು.

ಸೆರಗು_ಮೊಳಕಾಲ್ಮೂರು
ನೀವು ಊರ ಕೋಟೆ ಕಟ್ಟಿ ಕೂತಿರೋರು, ನಾವು ಎಲ್ಲಾ ಕಡೆ ತಗೊಂಡು ಹೋಗ್ತೀವಿ. ಬೇಡ ಅನ್ನೋಕೆ ನೀವ್ಯಾರು?

ಲೆಕ್ಕದ ಮೇಷ್ಟ್ರು
ಒಂದು ಸಣ್ಣ ತಿದ್ದುಪಡಿ: 1918ರ ನವೆಂಬರ್ 11ಕ್ಕೆ “ಯುದ್ಧ ಮುಗಿಯಿತು” ಎಂದು ಬರೆಯಬೇಡಿ, “ಕದನವಿರಾಮ” ಎಂದು ಬರೆಯಿರಿ. ಆಫ್ರಿಕಾದಲ್ಲಿ ಜರ್ಮನ್ ಸೇನಾನಿ ಲೆಟ್ಟೊ-ಫೋರ್‌ಬೆಕ್‌ಗೆ ಸುದ್ದಿ ಮುಟ್ಟಿದ್ದೇ ತಡವಾಗಿ. ಆತ ಶಸ್ತ್ರ ಕೆಳಗಿಟ್ಟದ್ದು ನವೆಂಬರ್ 25ರಂದು.

ಕರಿಹಲಗೆ_ದುರ್ಗ
ಬರೆದೆ. ಇವತ್ತು ಬೆಳಗ್ಗೆ ಏಳಕ್ಕೇ ಹೋಗಿ. ಹಲಗೆ ಹೀಗಿತ್ತು:

ಇಂದು ಒನಕೆ ಓಬವ್ವ ಜಯಂತಿ (ಹೋರಾಡಿದ ದಿನ ಯಾರಿಗೂ ಗೊತ್ತಿಲ್ಲ)
1918: ಕದನವಿರಾಮ. ಕೊನೆಯ ಗಳಿಗೆಯಲ್ಲಿ ಸತ್ತ ಕುರಿಗಾಹಿಯ ಸಮಾಧಿಯ ಮೇಲೆ ನಿನ್ನೆಯ ತಾರೀಖಿದೆ
1940: ಟಾರಂಟೊ, ಬಟ್ಟೆ ಹೊದ್ದ ವಿಮಾನಗಳ ದಾಳಿ
1942: ‘ಬೆಂಗಾಲ್’ ತಿರುಗಿ ನಿಂತಿತು

ಯಜಮಾನ್ರು ಬಂದ್ರು. ಕನ್ನಡಕ ಒರೆಸ್ಕೊಂಡು ಓದಿದ್ರು. ನಾಲ್ಕನೇ ಸಾಲಿನ ಹತ್ರ ನಿಂತು, “ಇದು ಯಾವ ಹಡಗು?” ಅಂದ್ರು. ನಾನು ಫೌಜಿ ಸಾರ್ ಬರೆದದ್ದನ್ನ ಮೊಬೈಲಲ್ಲಿ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದ್ರು, ಓದಿದೆ. ಪೇಪರ್ ಮುಟ್ಟದೆ ಹಾಗೇ ಹೋದ್ರು. ಚೆನ್ನಾಗೈತೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಫೋಟೋ ಹಾಕಿದೀನಿ ನೋಡಿ.

ಹಿರಿಯೂರು ಫೌಜಿ
ಅವರು ನಾಳೆ ಬರ್ತಾರೆ ಬಿಡು.

ಬೆಣ್ಣೆ_ಜಾಸ್ತಿ_ಹಾಕಿ
ಫೋಟೋ ನೋಡಿದೆ. ಎಲ್ಲಾ ಸರಿ ಗುರು, ಮೂಲೆಯಲ್ಲಿ ಬಿಡಿಸಿರೋದು ಒನಕೆನಾ ಕ್ರಿಕೆಟ್ ಬ್ಯಾಟಾ?

ಕರಿಹಲಗೆ_ದುರ್ಗ
ಒನಕೆ ಕಣಣ್ಣ. ಚಾಕ್‌ಪೀಸ್ ಮುರೀತು, ಕೆಳಗೆ ಅಗಲ ಆಯ್ತು.

ಸೆರಗು_ಮೊಳಕಾಲ್ಮೂರು
ನಡುವೆ ಸಣ್ಣ ಮಾಡು ತಮ್ಮ, ತುದಿಗೆ ಒಂದು ಬಳೆ ಬಿಡಿಸು. ನಮ್ಮಜ್ಜಿ ಒನಕೆ ಫೋಟೋ ಕಳಿಸ್ತೀನಿ, ಅಟ್ಟ ಹತ್ತೋಕೆ ಏಣಿ ಸಿಗಬೇಕು.